ಮೊದಲೆದ್ದ ಸೌಂಡ್ ಕಾರ್ಡಿನ ದೊಡ್ಡಸ್ತಿಕೆ

ನನ್ನ ಕಂಪ್ಯೂಟರಿಗೆ ಸದ್ದು ಹೊರಡಿಸಲು ಮೂರು ಸೌಂಡ್ ಕಾರ್ಡುಗಳಿವೆ. ಬೆಳಿಗ್ಗೆ ಗುಂಡಿ ಒತ್ತಿದೊಡನೆ ಅವುಗಳಲ್ಲಿ ಯಾವುದು ಮೊದಲು ಕಣ್ಣುಜ್ಜಿಕೊಂಡು ಏಳುತ್ತದೋ ಅದಕ್ಕೆ ಯಂತ್ರವು ಸೊನ್ನೆ ನಂಬರಿನ ಅಗ್ರಸ್ಥಾನ ದಯಪಾಲಿಸಿ, ಆಮೇಲೆ ಎದ್ದ ಮೈಗಳ್ಳರಿಗೆ ಒಂದು, ಎರಡು ಎಂದು ಹಂಚಿಬಿಡುತ್ತದೆ. ನಿನ್ನೆಯ ಒಂದು ಇವತ್ತು ಎರಡಾಗಿರಬಹುದು, ಕೇಳುವವರಿಲ್ಲ. ಯೋಗ್ಯತೆಯನ್ನು ಬಿಟ್ಟು ಎಚ್ಚರವಾದ ಗಳಿಗೆಯನ್ನು ನೋಡಿ ಪದವಿ ಕೊಡುವ ಈ ಪದ್ಧತಿಯನ್ನು ಹುಟ್ಟುಹಾಕಿದ ಮಹಾನುಭಾವರು ಯಾವ ದೇಶದವರೋ ತಿಳಿಯದು, ಆದರೆ ನಮ್ಮ ಕಡೆಯ ಮದುವೆಯೊಂದನ್ನು ಉಂಡು ಹೋದವರೇ ಇರಬೇಕೆಂದು ನನ್ನ ಗುಮಾನಿ.

ಬೇಕಿದ್ದರೆ ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು, ಯಾವ ಊರಿನ ಮಂಗಲ ಕಾರ್ಯಾಲಯಕ್ಕಾದರೂ ನನ್ನೊಡನೆ ಬನ್ನಿ. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ವಿರಾಜಮಾನರಾದವರು ವಿದ್ವಾಂಸರೂ ಅಲ್ಲ, ವಯೋವೃದ್ಧರೂ ಅಲ್ಲ. ಬಾಗಿಲು ತೆರೆಯುವ ಮುಂಚೆ ಬಂದು ಬಾಗಿಲಿಗೆ ಒರಗಿ ನಿಂತವರು. ಒಮ್ಮೆ ಕುಳಿತರೆಂದರೆ ಆ ಕುರ್ಚಿಯ ಗಾದಿಯಿಂದಲೇ ಅವರಿಗೆ ಪಾಂಡಿತ್ಯ ಏರತೊಡಗುತ್ತದೆ. ಭಟ್ಟರ ಮಂತ್ರದಲ್ಲಿ ಸ್ವರದೋಷ ಹಿಡಿಯುತ್ತಾರೆ. ಒಗ್ಗರಣೆಯ ವಾಸನೆಯಿಂದಲೇ ಅಡಿಗೆಯವನ ಜಾತಕ ಓದುತ್ತಾರೆ.

ಇಷ್ಟು ಹಂಗಿಸುವ ನಾನಾದರೂ ಯಾವ ಸೀಮೆಯ ಘನವಂತ ಎಂದು ನೀವು ಕೇಳಬಹುದು. ಹಾನಗಲ್ಲಿನ ನಮ್ಮದು ನ್ಯಾಯಶಾಸ್ತ್ರ ಓದಿದ ಮನೆತನ. ನನ್ನ ಮುತ್ತಜ್ಜ ವಾದದಲ್ಲಿ ಎದುರಿನವರ ಬಾಯಿ ಮುಚ್ಚಿಸುತ್ತಿದ್ದರಂತೆ. ನಾನು ಎದುರಿನವರ ಬಾಯಿಯನ್ನೇ ಕದ್ದು ಮಿಮಿಕ್ರಿ ಮಾಡುತ್ತೇನೆ. ಆ ಕಳವಿನಿಂದ ಹೊಟ್ಟೆ ತುಂಬದ್ದರಿಂದ ಮದುವೆ, ಮುಂಜಿವೆಗಳಿಗೆ ಧ್ವನಿವರ್ಧಕದ ವ್ಯವಸ್ಥೆಯನ್ನೂ ಮಾಡುತ್ತೇನೆ. ಕಂಪ್ಯೂಟರಿನೊಳಗೇ ಹುಟ್ಟಿದ ಕಾರ್ಡು ಯಾರಿಗೂ ಬೇಡವಾದದ್ದು. ಹೊರಗಿನಿಂದ ಚುಚ್ಚುವ ಎರಡು, ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಮುಖದ ಅವಳಿಗಳು: ಒಂದನೆಯ ನಂಬರಿನದು ಸಭೆಯ ಸ್ಪೀಕರುಗಳಿಗೆ, ಎರಡನೆಯದು ನನ್ನ ಕಿವಿಯ ಹೆಡ್‌ಫೋನಿಗೆ. ನನ್ನ ಮೇಜಿನ ಮೈಕಿನಲ್ಲಿ ಏನು ಒದರಿದರೂ ಅದು ಎರಡಕ್ಕೆ, ಅಂದರೆ ನನ್ನ ಕಿವಿಗೆ ಮಾತ್ರ ಎಂದು ಏರ್ಪಾಡು.

ಈ ನಂಬರುಗಳು ಆಗಾಗ ಅದಲುಬದಲಾಗುವುದನ್ನು ಕಂಡು ಹಿರೇಕೆರೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಗೆಳೆಯನಿಗೆ ಫೋನು ಮಾಡಿದೆ. ಅವನು ವೈದ್ಯನ ಗಾಂಭೀರ್ಯದಿಂದ ಎಲ್ಲವನ್ನೂ ಕೇಳಿ, "ಒಮ್ಮೆ ಬಂದ್ ಮಾಡಿ ಚಾಲೂ ಮಾಡಲೇ, ಸರಿ ಹೋಗತೈತಿ" ಎಂದ. ರೋಗವನ್ನೇ ಔಷಧವೆಂದು ಬರೆದುಕೊಡುವ ಈ ಧನ್ವಂತರಿಯ ಕ್ಲಾಸಿನಲ್ಲಿ ಕುರ್ಚಿ ಸಿಗುವುದಿಲ್ಲವಂತೆ.

ಆ ಹೊತ್ತಿಗೆ ಹಂಸಭಾವಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರ ಮಗಳು ವಾರಿಜಾಳೊಡನೆ ನನ್ನ ಮದುವೆಯ ಮಾತು ನಡೆದಿತ್ತು. ಅವಳನ್ನು ನೋಡಿಬಂದ ದಿನದಿಂದ, ಅವಳ ಮಾತು ಬಂದಾಗಲೆಲ್ಲ ನನ್ನ ಅನುಕರಣ ಕಲೆಯೆಲ್ಲ ಮರೆತು, ನನ್ನದೇ ದನಿಯಲ್ಲಿ ಮಾತಾಡುವಷ್ಟು ಕೆಟ್ಟುಹೋಗಿದ್ದೆ. ಮಾಸ್ತರರು ಮಾತ್ರ, "ಏನಂದ್ರ... ಹುಡುಗ ಕೆಲಸ ಹೆಂಗ ಮಾಡತಾನ, ಒಮ್ಮೆ ಕಣ್ಣಲೆ ನೋಡಬೇಕು" ಎಂದು ಶಿಗ್ಗಾಂವದಲ್ಲಿ ನಡೆದ, ನನ್ನದೇ ಧ್ವನಿವರ್ಧಕವಿದ್ದ ಸವಣೂರಿನವರ ಮದುವೆಗೆ ಬಂದರು. ಎಲ್ಲರಿಗಿಂತ ಮೊದಲೇ ಬಂದರು, ಮೊದಲ ಸಾಲಿನ ಮೊದಲ ಕುರ್ಚಿ ಹಿಡಿದರು ಎಂದು ಬೇರೆ ಹೇಳಬೇಕಿಲ್ಲ.

ಮುಹೂರ್ತ ಸಮೀಪಿಸಿತು. ವಧೂವರರ ನಡುವೆ ಅಂತರಪಟ ಹಿಡಿದರು. ಸಭಿಕರ ಮುಷ್ಟಿಯಲ್ಲಿ ಅಕ್ಷತೆ ಬೆವರತೊಡಗಿತು. ಆಗ ಕರೆಂಟು ಹೋಯಿತು. ಜನರೇಟರು ಕೆಮ್ಮಿ ಎದ್ದಿತು, ಅದರ ಹಿಂದೆ ನನ್ನ ಕಂಪ್ಯೂಟರೂ ಎದ್ದಿತು, ಅದರೊಳಗೆ ಅವಳಿಗಳೂ ಎದ್ದವು; ಎದ್ದ ಕ್ರಮ ಮಾತ್ರ ತಿರುವುಮುರುವಾಗಿತ್ತು. ಅದನ್ನರಿಯದ ನಾನು ಹೆಡ್‌ಫೋನು ಪರೀಕ್ಷಿಸಲು ಹೊರಟೆ. ಉಳಿದ ಮೈಕಿನವರು ಇಂಥಲ್ಲಿ "ಹಲೋ, ಹಲೋ" ಎನ್ನುತ್ತಾರೆ. ನಾನು ಕಲಾವಿದನಲ್ಲವೇ? ಎದುರಿಗೇ ಕುಳಿತಿದ್ದ ಭಾವೀ ಮಾವನವರ ದನಿಯನ್ನೆತ್ತಿಕೊಂಡು, ಶಾಲೆಯ ಗಂಟೆಗೂ ಹೆದರಿಕೆ ಹುಟ್ಟಿಸುವ ಆ ಎಳೆತದಲ್ಲಿ, "ಏನಂದ್ರ... ಮೊದಲನೇ ಪಂಕ್ತಿಯವರು ಊಟಕ್ಕ ಏಳಬೇಕು. ಗದ್ದಲ ಮಾಡಬಾರದು" ಎಂದೆ.

ನನ್ನ ಕಿವಿಯಲ್ಲಿ ಸದ್ದಿಲ್ಲ. ಸಭೆಯ ಸ್ಪೀಕರುಗಳಲ್ಲಿ ಮಾತ್ರ ಮಾಸ್ತರರು ಗುಡುಗಿದರು.

ನಮ್ಮ ಜನ ಎಂಥವರೆಂದರೆ, ಗದ್ದಲ ಮಾಡದೆ ಎದ್ದರು! ತಾಳಿ ಕಟ್ಟಿಲ್ಲ, ಅಕ್ಷತೆ ಬಿದ್ದಿಲ್ಲ. ಅಕ್ಷತೆಯನ್ನು ಜೇಬಿಗೆ ಹಾಕಿಕೊಂಡು ಊಟದ ಮನೆಯತ್ತ ನಡೆದರು. ವೇದಿಕೆಯ ಮೇಲೆ ಭಟ್ಟರು, ವಧೂವರರು, ಅಂತರಪಟ ಹಿಡಿದ ಇಬ್ಬರು ಉಳಿದರು; ಆ ಇಬ್ಬರಲ್ಲೂ ಒಬ್ಬನ ಕಾಲು ಊಟದ ಕಡೆ ತಿರುಗಿತ್ತು. ಆದರೆ ನನ್ನನ್ನು ದಿಗ್ಭ್ರಮೆಗೊಳಿಸಿದ್ದು ಅದಲ್ಲ. ಎಲ್ಲರಿಗಿಂತ ಮೊದಲು ಎದ್ದವರು ಸಾಕ್ಷಾತ್ ಮಾಸ್ತರರು! ಆಯುಷ್ಯವಿಡೀ ಅಪ್ಪಣೆ ಕೊಟ್ಟ ದನಿಯ ಅಪ್ಪಣೆಯನ್ನು ಮೊದಲ ಬಾರಿ ಕೇಳಿ, ಚಕಾರವೆತ್ತದೆ, ಧೋತರ ಸರಿಪಡಿಸಿಕೊಂಡು ಹೊರಟಿದ್ದರು.

ಬಾಗಿಲಲ್ಲಿ ಅವರಿಗೆ ಜ್ಞಾನೋದಯವಾಯಿತು. ತಿರುಗಿ ನನ್ನ ಮೇಜಿಗೆ ಬಂದರು.

"ಅದು ನನ್ನ ದನಿ ಅಲ್ಲೇನು?"

"ಹೌದ್ರಿ."

"ನಾ ಯಾವಾಗ ಅಂದೆ?"

"ನೀವು ಅಂದಿಲ್ರಿ. ಅದು ಮಷೀನಿನ ನಂಬರು ಉಲ್ಟಾ ಆಗಿ..."

"ಮಷೀನಿಗೆ ನನ್ನ ದನಿ ಕಲಿಸಿದವರು ಯಾರು?" ಎಂದರು. ಬೆತ್ತವಿಲ್ಲದ ಕೈಯಿಂದ ನನ್ನ ಮೇಜನ್ನು ಕುಟ್ಟಿದರು. "ಯಾರ ಮಾತು ಯಾರ ಕಿವಿಗೆ ಹೋಗಬೇಕು ಅನ್ನೋದು ಮೊದಲ ಕಲಿಸು ಅದಕ್ಕ. ಅದು ಕಲಿತರ ಅದನ್ನ ಹೊತ್ತಕೊಂಡು ಹಂಸಭಾವಿಗಿ ಬಾ. ಇಲ್ಲಾಂದ್ರ ಬರಬ್ಯಾಡ."

ವಾರಿಜಾಳಿಗೂ ನನಗೂ ನಡುವೆ ಒಂದು ನಂಬರು ನಿಂತುಬಿಟ್ಟಿತು. ನಾನು ಗ್ರಂಥಗಳನ್ನು ತಿರುವಿಹಾಕುವ ಮನೆತನದವನು, ಜಾಲತಾಣಗಳನ್ನು ತಿರುವಿಹಾಕಿದೆ. ಕೊನೆಗೆ ತಿಳಿದದ್ದಿಷ್ಟೆ: ನಂಬರನ್ನು ನೆಚ್ಚಬಾರದು, ಹೆಸರಿಡಬೇಕು. ಅವಳಿಗಳ ಮುಖ ಒಂದೇ ಆದ್ದರಿಂದ ಮುಖ ನೋಡಿ ಹೆಸರಿಡಲಾಗದು. ಕೂರುವ ಜಾಗ ನೋಡಿ ಇಡಬೇಕು. ಕಂಪ್ಯೂಟರಿನ ಎಡಗಡೆಯ ತೂತಿನಲ್ಲಿ ಕುಳಿತದ್ದು ಯಾವಾಗ ಎದ್ದರೂ "ಸಭೆ", ಬಲಗಡೆಯದು ಎಂದಿಗೂ "ಕಿವಿ" ಎಂಬ ನಿಯಮವನ್ನು ಯಂತ್ರಕ್ಕೆ ಬರೆದುಕೊಟ್ಟೆ. ಮರೆಯಬಾರದೆಂದು ತೂತುಗಳ ಮೇಲೆ ಚೀಟಿಯನ್ನೂ ಅಂಟಿಸಿದೆ. ಕುರ್ಚಿಗೆ ಹೆಸರು ಅಂಟಿಸಿಕೊಂಡು ಮೆರೆಯುವ ಗಣ್ಯರನ್ನು ಊರೂರಲ್ಲಿ ಆಡಿಕೊಂಡ ಬಾಯಿಯಿಂದಲೇ ಆ ಚೀಟಿಗೆ ಎಂಜಲು ಹಚ್ಚಿದ್ದೆಂಬುದನ್ನು ತಾವು ಗಮನಿಸದಿದ್ದರೆ ಉಪಕಾರ.

ಹಂಸಭಾವಿಯ ಪಡಸಾಲೆಯಲ್ಲಿ ಸ್ಪೀಕರು ಮಾಸ್ತರರ ಮುಂದೆ, ಹೆಡ್‌ಫೋನು ವಾರಿಜಾಳ ಕಿವಿಗೆ. "ಬಂದ್ ಮಾಡು. ಚಾಲೂ ಮಾಡು" ಎಂದು ಮಾಸ್ತರರು ಕವಾಯತು ಮಾಡಿಸಿದರು. ನಂಬರುಗಳು ಹಿಂದೆಮುಂದೆ ಆಗುತ್ತಲೇ ಇದ್ದವು. ಸಭೆ ಸಭೆಯಾಗಿ, ಕಿವಿ ಕಿವಿಯಾಗಿ ಉಳಿದವು. ಕಡೆಯ ಪರೀಕ್ಷೆಯಲ್ಲಿ ಮೈಕನ್ನು ತುಟಿಗೆ ತಾಗಿಸಿ ಪಿಸುಗುಟ್ಟಿದೆ: "ಅಪ್ಪಾ ಅವರು ಹೂಂ ಅಂದ್ರ ನೀವೂ ಹೂಂ ಅಂತೀರೇನ್ರಿ?" ಸ್ಪೀಕರು ಮೌನವ್ರತ ಪಾಲಿಸಿತು.

"ಏನಂದಾ ಅವಾ?" ಎಂದರು ಮಾಸ್ತರರು.

ವಾರಿಜಾ ನಿಧಾನವಾಗಿ ಹೆಡ್‌ಫೋನು ತೆಗೆದಿಟ್ಟು, "ಹಲೋ ಹಲೋ ಅಂದ್ರಪಾ, ಮತ್ತೇನಿಲ್ಲ" ಎಂದು ಒಳಗೆ ಹೋದಳು. ಇಲ್ಲಿಗೆ ಮುಗಿಯಿತೆಂದು ನಾನು ಯಂತ್ರ ಬಿಚ್ಚಿ ವೈರು ಸುತ್ತಲು ಆರಂಭಿಸಿದೆ.

ಆಗ ಅಡಿಗೆಮನೆಯಿಂದ ಮಾಸ್ತರರ ದನಿಯೇ ಬಂತು, ಸ್ಪೀಕರಿಲ್ಲದೆ, ಎಳೆತದಲ್ಲಿ ಒಂದೆಳೆಯೂ ಕಡಿಮೆಯಿಲ್ಲದೆ: "ಏನಂದ್ರ... ಹೂಂ. ಮೊದಲನೇ ಪಂಕ್ತಿಯವರು ಊಟಕ್ಕ ಏಳಬೇಕು."

ಮಾಸ್ತರರು ಅರ್ಧ ಎದ್ದಿದ್ದರು. ಎದ್ದವರು ನನ್ನ ಮುಚ್ಚಿದ ಬಾಯಿ ನೋಡಿದರು, ವೈರು ಕಿತ್ತ ಯಂತ್ರ ನೋಡಿದರು, ಅಡಿಗೆಮನೆಯ ಕಡೆ ನೋಡಿದರು. "ಇಕಿನೂ ಹಂಗ ಏನು!" ಎಂದು ಪೂರ್ತಿ ಎದ್ದು, "ನಡಿಯಪಾ, ಎಲಿ ಹಾಕ್ಯಾರ" ಎಂದರು. ನನ್ನ ನಿಶ್ಚಯ ಪತ್ರಿಕೆ ಅಷ್ಟೇ ಉದ್ದದ್ದು.

ಇವತ್ತು ಬೆಳಿಗ್ಗೆಯೂ ಕಾರ್ಡುಗಳು ಮೊದಲ ನಂಬರಿಗೆ ಕಚ್ಚಾಡಿಕೊಂಡೇ ಎದ್ದವು. ಏಳಲಿ ಬಿಡಿ, ನಾನು ಹೆಸರು ಹಿಡಿದು ಕರೆಯುತ್ತೇನೆ. ತಾಪತ್ರಯವಿರುವುದು ಮಾವನವರು ಹಾನಗಲ್ಲಿಗೆ ಬಂದಾಗ. ನಮ್ಮ ಮನೆಯಲ್ಲಿ ಆ ದನಿ ಈಗ ಮೂರು ಬಾಯಿಗಳಿಂದ ಹೊರಡುತ್ತದೆ, ಯಾವುದು ಅಸಲು ಎಂದು ಗೊತ್ತುಮಾಡುವ ನಿಯಮವನ್ನು ಯಾವ ಯಂತ್ರಜ್ಞನೂ ಬರೆದಿಲ್ಲ. ಹಾಗಾಗಿ "ಊಟಕ್ಕ ಏಳ್ರಿ" ಎಂದು ಕೇಳಿಸಿದ ಕೂಡಲೇ, ಅಂದವರು ಯಾರೆಂದು ವಿಚಾರಿಸದೆ, ಮೊದಲ ಮಣೆ ಸಿಕ್ಕೀತೆಂಬ ಆಸೆಯಿಂದ ಓಡುತ್ತೇನೆ. ಎಷ್ಟು ಬೇಗ ಎದ್ದರೂ ಅದರ ಮೇಲೆ ಮಾಸ್ತರರು ಆಗಲೇ ಕುಳಿತಿರುತ್ತಾರೆ.