ಹಚ್ಚದ ಬೆಂಕಿಯ ಬೆಲೆ

ನಮ್ಮ ಊರಿಗೆ ಯಾವ ಅಧಿಕಾರಿ ಬಂದರೂ ಮೊದಲು ನನಗೇ ಕರೆ ಬರುತ್ತದೆ. ನಾನು ಪಂಚಾಯ್ತಿ ಸದಸ್ಯೆಯಲ್ಲ, ಶಾಲೆಯ ಟೀಚರೂ ಅಲ್ಲ. ಕಾಗವಾಡದ ಹತ್ತಿರದ ಈ ಊರಿಗೆ, ರಸ್ತೆಯಾಚೆಯ ಮಹಾರಾಷ್ಟ್ರದಿಂದ ಸೊಸೆಯಾಗಿ ಬಂದವಳು. ತವರಿನ ಮರಾಠಿ, ಗಂಡನ ಮನೆಯ ಕನ್ನಡ, ಟಿವಿ ಕಲಿಸಿದ ಹಿಂದಿ ಮೂರೂ ಬಾಯಿಗೆ ಬರುತ್ತವೆ. ಅದೇ ನನ್ನ ತಪ್ಪು. ದನದ ಡಾಕ್ಟರು ಬರಲಿ, ವಿಮೆಯವರು ಬರಲಿ, ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ಮಾತು ಸರಿಹೋದರೆ ಅಧಿಕಾರಿ ಜಾಣ, ಕೆಟ್ಟರೆ ನಾನು ದಡ್ಡಿ.

ಕಾರ್ಬನ್ ಮ್ಯಾಡಮ್ ಬಂದ ದಿನವೂ ಹಾಗೇ ಆಯಿತು. ದೀಪಾವಳಿ ಮುಗಿದು ಕಬ್ಬು ಕಡಿಯುವ ಹಂಗಾಮು ಇನ್ನೇನು ಶುರುವಾಗಬೇಕು ಅನ್ನುವಾಗ, ಯಾವುದೋ ಸಂಸ್ಥೆಯ ಪರವಾಗಿ ಒಬ್ಬ ಹೆಣ್ಣುಮಗಳು ಬಂದರು. ಚೊಕ್ಕ ಹುಡುಗಿ, ಮಾತು ಮೃದು, ಬರೀ ಹಿಂದಿ. ಗುಡಿಯ ಕಟ್ಟೆಯ ಮೇಲೆ ಊರಿನವರೆಲ್ಲ ಕೂತರು. ಮುಂದಿನ ಸಾಲಿನಲ್ಲಿ ನನ್ನ ಅತ್ತೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರ ಮಾತನ್ನೂ ನಂಬದವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು.

ಮ್ಯಾಡಮ್ ಹೇಳಿದ್ದನ್ನು ನಾನು ಹೀಗೆ ಹೇಳಿದೆ. ಕೇಂದ್ರ ಸರ್ಕಾರ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಒಂದು ಮಿತಿ ಹಾಕಿದೆ, ಇಷ್ಟು ಮಾಲು ಮಾಡಲು ಇಷ್ಟೇ ಹೊಗೆ ಬಿಡಬೇಕು ಅಂತ. ಮಿತಿಗಿಂತ ಕಡಿಮೆ ಬಿಟ್ಟವರು ಉಳಿಸಿದ್ದನ್ನು ಮಾರಬಹುದು, ಹೆಚ್ಚು ಬಿಟ್ಟವರು ಅದನ್ನು ಕೊಳ್ಳಬೇಕು. ಕಾರ್ಖಾನೆಯಲ್ಲದವರೂ, ಅಂದರೆ ನಮ್ಮಂಥವರೂ, ಹೊಗೆ ಉಳಿಸಿ ತೋರಿಸಿದರೆ ಅದಕ್ಕೂ ಬೆಲೆ ಬರುತ್ತದೆ, ಅದಕ್ಕೆ ಕಾರ್ಬನ್ ಕ್ರೆಡಿಟ್ ಅನ್ನುತ್ತಾರಂತೆ.

"ಎಲ್ಲಾ ಕಾರ್ಖಾನಿಗೂ ಒಂದ ಮಿತಿ ಏನ್ರಿ?" ಅಂತ ಹಿಂದಿನಿಂದ ಒಬ್ಬ ಕೇಳಿದ.

ಇಲ್ಲವಂತೆ. ಒಂದೊಂದಕ್ಕೆ ಒಂದೊಂದು. ಹಳೆಯ ಯಂತ್ರದವರಿಗೆ ಬೇರೆ, ಹೊಸ ಯಂತ್ರದವರಿಗೆ ಬೇರೆ.

"ಹಂಗಾದ್ರ ಹೆಚ್ಚಿಗಿ ಹೊಗಿ ಬಿಡಾವಗ ಹೆಚ್ಚಿಗಿ ಮಿತಿ. ಮೊದಲಿಂದ ಚೊಲೊ ಇದ್ದಾವನ ಗತಿ ಏನ್ರಿ?"

ಮ್ಯಾಡಮ್ ನಕ್ಕು ಏನೋ ದೊಡ್ಡ ಉತ್ತರ ಕೊಟ್ಟರು. ಅದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ತಿಳಿದ ಅರ್ಧವನ್ನೂ ಕನ್ನಡಕ್ಕೆ ತರುವಷ್ಟರಲ್ಲಿ ಅದು ಕರಗಿಹೋಯಿತು. "ಅದನ್ನೆಲ್ಲಾ ಸರಕಾರ ವಿಚಾರ ಮಾಡೇತಂತ," ಅಂದು ಮುಗಿಸಿಬಿಟ್ಟೆ.

ನಮಗೆ ಬೇಕಾದ ಮಾತು ರವದಿಯದು. ಕಬ್ಬು ಕಡಿದ ಮೇಲೆ ಹೊಲದ ತುಂಬ ಮೊಣಕಾಲುದ್ದ ಬೀಳುವ ಒಣ ಎಲೆಗೆ ನಾವು ರವದಿ ಅನ್ನುತ್ತೇವೆ. ಅದು ಬಿದ್ದಿದ್ದರೆ ನೀರು ಹರಿಯುವುದಿಲ್ಲ, ಗೊಬ್ಬರ ಹಾಕಲು ಬರುವುದಿಲ್ಲ. ಅದಕ್ಕೆ ಹೆಚ್ಚಿನವರು ಒಂದು ಕಡ್ಡಿ ಗೀರಿ ಕೈ ತೊಳೆದುಕೊಳ್ಳುತ್ತಾರೆ. ಸುಡುವುದನ್ನು ಬಿಟ್ಟರೆ ಆ ಹೊಗೆಗೆ ಬೆಲೆ, ಮೇಲೆ ಊರಿಗೆ ರವದಿ ಪುಡಿ ಮಾಡುವ ಒಂದು ಯಂತ್ರ. ಆದರೆ ಹಳ್ಳದಿಂದ ಕೆನಾಲಿನವರೆಗಿನ ಹೊಲಗಳೆಲ್ಲ ಒಂದೇ ಗುಂಪಾಗಿ ಸೇರಬೇಕು, ನಡುವೆ ಒಂದೂ ಬಿಡಬಾರದು ಅನ್ನುವುದು ಷರತ್ತು. ಆ ಪಟ್ಟಿಯ ನಟ್ಟನಡುವೆ ಇರುವುದು ನಮ್ಮ ಹೊಲ, ಅತ್ತೆಯ ಹೆಸರಿನದು.

ಅತ್ತೆ ಮೊದಲ ಬಾರಿಗೆ ಬಾಯಿ ಬಿಟ್ಟರು. "ನಾ ಯಾವತ್ತೂ ಸುಟ್ಟಿಲ್ಲಂತ ಹೇಳ ಆಕಿಗೆ."

ಹೆಮ್ಮೆಯಿಂದಲೇ ಹೇಳಿದೆ. ಊರಿಗೆಲ್ಲ ಗೊತ್ತಿರುವ ಮಾತು ಅದು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋಗಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜಿಸಿ, ಕಡುಬು, ಭಜ್ಜಿ, ರೊಟ್ಟಿಯನ್ನು ನಾಲ್ಕೂ ಕಡೆ ಚರಗವಾಗಿ ಚೆಲ್ಲುತ್ತಾರೆ. ಭೂಮಿ ಬಸುರಿ, ಅದು ಆಕೆಯ ಬಯಕೆಯ ಊಟ. ಎಲ್ಲರೂ ಚೆಲ್ಲುತ್ತಾರೆ, ಮನೆಗೆ ಬಂದು ಮರೆಯುತ್ತಾರೆ. ನಮ್ಮ ಅತ್ತೆ ಮರೆಯುವುದಿಲ್ಲ. ಬಯಕೆ ಉಣಿಸಿದ ಹೊಟ್ಟೆಗೆ ಬೆಂಕಿ ಇಡಬಾರದು ಅನ್ನುವುದು ಅವರ ಹಟ. ಆ ಹಟಕ್ಕಾಗಿ ರವದಿಯನ್ನು ಸಾಲುಬಿಟ್ಟು ಸಾಲಿಗೆ ಎಳೆದು ಎಳೆದು ನನ್ನ ಕೈಯೆಲ್ಲ ಕೊಯ್ದುಹೋಗಿದೆ. ಎಷ್ಟು ಸಲ ಒಳಗೊಳಗೇ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ಅವತ್ತು, ಇಷ್ಟು ದಿನ ಕೈ ಕೊಯ್ದುಕೊಂಡದ್ದಕ್ಕೆ ಯಾರೋ ಶಹಬ್ಬಾಸ್ ಅನ್ನುತ್ತಾರೆ ಅಂತ ನನಗೂ ಖುಷಿಯಾಗಿತ್ತು.

ಮ್ಯಾಡಮ್ ಅವರ ಮುಖ ಸಣ್ಣದಾಯಿತು. ಯಾವತ್ತೂ ಸುಡದ ಹೊಲ ಈ ಯೋಜನೆಗೆ ಬರುವುದಿಲ್ಲವಂತೆ. ಬೆಲೆ ಕೊಡದಿದ್ದರೂ ಅಜ್ಜಿ ಸುಡುತ್ತಿರಲಿಲ್ಲ. ಅಂದಮೇಲೆ ಬೆಲೆ ಕೊಟ್ಟು ಉಳಿಸಿದ ಹೊಗೆ ಎಲ್ಲಿದೆ? ಈ ಹಂಗಾಮಿನಲ್ಲಿ ಯಾವ ಹೊಲ ಸುಟ್ಟಿದೆ ಅಂತ ಉಪಗ್ರಹದ ಚಿತ್ರದಲ್ಲಿ ನೋಡುತ್ತಾರೆ. ಮುಂದಿನ ಹಂಗಾಮಿನಿಂದ ಅದು ಸುಡದಿದ್ದರೆ ಅದರ ಹೊಗೆಗೆ ಬೆಲೆ.

ನಾನು ಹಟಕ್ಕೆ ಬಿದ್ದು ನನ್ನ ತಮ್ಮನ ಮಾತು ತೆಗೆದೆ. ರಸ್ತೆಯಾಚೆ ಅವನ ಹೊಲ, ಅವನೂ ಎರಡು ವರ್ಷದಿಂದ ಸುಟ್ಟಿಲ್ಲ. ಆದರೂ ಅವನನ್ನು ಅಲ್ಲಿಯ ಗುಂಪಿಗೆ ಸೇರಿಸಿಕೊಂಡಿದ್ದಾರೆ, ಹೇಗೆ? ಮ್ಯಾಡಮ್ ತಾಳ್ಮೆಯಿಂದ ವಿವರಿಸಿದರು. ಆ ಕಡೆಯವರು ಇಡೀ ಭಾಗದ ರೂಢಿಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಅಲ್ಲಿ ಹೆಚ್ಚಿನವರು ಸುಡುವುದರಿಂದ, ಸುಡದವನು ಉಳಿಸಿದಂತೆ. ಈ ಕಡೆ ಹೊಲ ಹೊಲಕ್ಕೆ ಬೇರೆ ಲೆಕ್ಕ. ಎಲ್ಲ ಸೀಮೆಯೂ ಒಂದೇ ಥರ ಇರುವುದಿಲ್ಲವಾದ್ದರಿಂದ ಎರಡಕ್ಕೂ ಅವಕಾಶವಿದೆಯಂತೆ. ಒಂದೇ ದಿಲ್ಲಿ ಸರ್ಕಾರ, ಒಂದೇ ಕೃಷ್ಣೆಯ ನೀರು, ನಡುವೆ ಒಂದು ಡಾಂಬರು ರಸ್ತೆ. ನಾನು ಇದನ್ನು ಕನ್ನಡದಲ್ಲಿ ಒಮ್ಮೆ ಹೇಳಿದೆ, ಮರಾಠಿಯಲ್ಲಿ ಒಮ್ಮೆ ಹೇಳಿದೆ. ಎರಡರಲ್ಲೂ ನನಗೇ ಅರ್ಥವಾಗಲಿಲ್ಲ.

ಅತ್ತೆ ಮಾತ್ರ ಕೇಳಿದರು, "ಹಂಗಾದ್ರ ನನ್ನ ಹೊಲಾ ಹೊತಗೊಂಡು ರಸ್ತಾ ದಾಟ್ಲೇನು?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಸುಡಿರಿ ಅಂತ ಮ್ಯಾಡಮ್ ಹೇಳಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಆದರೆ ಕಟ್ಟೆಯಿಂದ ಎದ್ದವರೆಲ್ಲ ಅದನ್ನೇ ಕೇಳಿಸಿಕೊಂಡು ಮನೆಗೆ ಹೋದರು. ಆ ಚಳಿಗಾಲದಲ್ಲಿ ನಮ್ಮ ಊರಿನಲ್ಲಿ ಎದ್ದಂಥ ಹೊಗೆಯನ್ನು ನಾನು ಬಂದಾಗಿನಿಂದ ನೋಡಿರಲಿಲ್ಲ. ಯಾವಾಗಲೂ ಸುಡುವವರು ಸುಟ್ಟರು. ಆಗಾಗ ಸುಡುವವರೂ ತಪ್ಪದೆ ಸುಟ್ಟರು. ದನದ ಕೊಟ್ಟಿಗೆಗೆ ಹಾಸಲು ರವದಿ ಒಯ್ಯುತ್ತಿದ್ದವರು ಈ ಸಲ ಹಾಸಿಗೆ ಬೇಡ, ಚಿತ್ರದಲ್ಲಿ ಕಪ್ಪಗೆ ಕಾಣಲಿ ಅಂತ ಕಡ್ಡಿ ಗೀರಿದರು. ಒಗೆದು ಹಾಕಿದ ಬಿಳಿ ಬಟ್ಟೆಯ ಮೇಲೆಲ್ಲ ಮಸಿ ಉದುರುತ್ತಿತ್ತು. ಹೊಗೆ ನಿಲ್ಲಿಸಲು ಬಂದ ಯೋಜನೆಗೆ ಹೆಸರು ಹಚ್ಚಲು ನಾವು ಹೊಗೆ ಎಬ್ಬಿಸುತ್ತಿದ್ದೆವು. ಅಂಗಳದಲ್ಲಿ ಬಟ್ಟೆ ಝಾಡಿಸುತ್ತ, ಇದರಲ್ಲಿ ಹುಚ್ಚು ಹಿಡಿದದ್ದು ನಮಗೋ, ಲೆಕ್ಕ ಹಾಕಿದವರಿಗೋ ಅಂತ ಯೋಚಿಸುತ್ತಿದ್ದೆ. ಬಟ್ಟೆಯನ್ನು ಮತ್ತೆ ಒಗೆದೆ.

ಎಳ್ಳಮಾಸಿ ಕಳೆದು ನಮ್ಮ ಹೊಲಕ್ಕೂ ಕಡಿಯುವ ಗ್ಯಾಂಗಿನವರು ಬಂದು ಹೋದರು. ರವದಿ ಬಿತ್ತು. ಸುತ್ತಲಿನ ಹೊಲದವರು ದಿನಾ ಮನೆಗೆ ಬಂದು ನಮ್ಮ ಮನೆಯವರ, ಅಂದರೆ ನನ್ನ ಗಂಡನ, ಮುಂದೆ ಕೂರತೊಡಗಿದರು. ನಿಮ್ಮದೊಂದು ಹೊಲದಿಂದ ಎಲ್ಲರದ್ದೂ ಕೆಡುತ್ತದೆ ಅನ್ನುವುದು ಅವರ ಮಾತು. ಸುಳ್ಳೂ ಅಲ್ಲ. ಮನೆಯವರು ನನ್ನ ಕಡೆ ನೋಡಿ, "ನೀ ಹೇಳಿದ್ರ ಕೇಳ್ತಾಳ, ಚೂರು ತಿಳಿಸಿ ಹೇಳು," ಅಂದರು. ನಾನು ಹೇಳಿದರೆ ಅತ್ತೆ ಕೇಳುತ್ತಾರಂತೆ! ಮದುವೆಯಾಗಿ ಇಷ್ಟು ವರ್ಷದಲ್ಲಿ ಸಾರಿನ ಉಪ್ಪಿನ ವಿಷಯದಲ್ಲೂ ನನ್ನ ಮಾತು ಕೇಳಿದವರಲ್ಲ ಅವರು.

ಕೊನೆಗೆ ಒಂದು ಬೆಳಿಗ್ಗೆ ಮನೆಯವರು ತಾವೇ ಕಡ್ಡಿಪೆಟ್ಟಿಗೆ ಅಂಗಿಯ ಕಿಸೆಗೆ ಹಾಕಿಕೊಂಡು ಹೊಲಕ್ಕೆ ಹೊರಟರು. ಹಿಂದೆಯೇ ಅತ್ತೆ, ಅವರ ಹಿಂದೆ ನಾನು. ಬದುವಿನ ಮೇಲೆ ತಾಯಿ ಮಗ ಎದುರುಬದುರು ನಿಂತರು.

"ಯವ್ವಾ, ಬಸುರಿ ಬಸುರಿ ಅಂತಿದ್ದಿ," ಅಂದರು ಮನೆಯವರು, ಬಹಳ ಯೋಚಿಸಿ ಕಂಡುಕೊಂಡ ಮಾತಿರಬೇಕು. "ಕಬ್ಬ ಕಡದ ಹೋತು. ಹಡದಾಳಲ್ಲ ಇನ್ನ? ಈಗೇನೈತಿ?"

ಅತ್ತೆ ಬಗ್ಗಿ ಒಂದು ಹಿಡಿ ರವದಿಯನ್ನು ಸರಿಸಿದರು. ಕಡಿದ ಕಬ್ಬಿನ ಬುಡ ಕೆಳಗೆ ಹಸಿಯಾಗಿತ್ತು, ಮಗ್ಗುಲಲ್ಲಿ ಕೂಳೆಯ ಮೊಳಕೆ ಬೆರಳಿನಷ್ಟು ಎದ್ದಿತ್ತು.

"ಹಡದಾಕಿ ಬಾಣಂತಿ ಅಲ್ಲೇನೋ?" ಅಂದರು. "ಬಾಣಂತಿ ಹೊತಗೊಂಡ ಕೌದಿಗೆ ಬೆಂಕಿ ಇಡ್ತಿ ಏನು? ಕೂಸು ಮಗ್ಗಲದಾಗ ಮಲಗೇತಿ, ನೋಡಿಲ್ಲಿ."

ಮನೆಯವರು ನೋಡಿದರು. ಆಮೇಲೆ ಕಿಸೆಯ ಮೇಲೆ ಕೈ ಇಟ್ಟುಕೊಂಡು ತಿರುಗಿ ನಡೆದರು. ನನಗೆ ಅತ್ತೆಯ ಮೇಲೆ ಅಂಥ ಪ್ರೀತಿ ಯಾವತ್ತೂ ಬಂದಿರಲಿಲ್ಲ. ಅದನ್ನು ಅವರಿಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ, ಹಾಗಾಗಿ ಬಿಸಿಲು ಏರಿತು ಮನೆಗೆ ನಡೀರಿ ಅಂತ ಜಬರಿಸಿದೆ.

ಬೆಂಕಿ ಬೇರೆ ಕಡೆಯಿಂದ ಬಂತು. ಅದೇ ವಾರ ಒಂದು ಮಧ್ಯಾಹ್ನ ಪಕ್ಕದ ಹೊಲದವನು ತನ್ನ ರವದಿಗೆ ಕಡ್ಡಿ ಗೀರಿದ. ಒಳ್ಳೆಯ ಮನುಷ್ಯ, ನಮ್ಮ ಮನೆಯವರ ಓರಿಗೆಯವನು. ಬದುವಿನ ಉದ್ದಕ್ಕೂ ನೀರು ಹೊಡೆದು, ಗಾಳಿ ನೋಡಿಕೊಂಡೇ ಹಚ್ಚಿದ್ದ. ಗಾಳಿ ನಡುವೆ ತಿರುಗಿತು. ಉರಿಯುವ ಎಲೆ ಹಾರಿ ನಮ್ಮ ರವದಿಯ ಮೇಲೆ ಬಿದ್ದದ್ದಷ್ಟೇ ಗೊತ್ತು. ನಾವು ಬೇವಿನ ಟೊಂಗೆ ಹಿಡಿದು ಓಡಿಹೋಗುವಷ್ಟರಲ್ಲಿ ಹೊಲ ಈ ತುದಿಯಿಂದ ಆ ತುದಿಗೆ ಚಟಚಟ ಅನ್ನುತ್ತಿತ್ತು. ಒಣ ರವದಿಗೆ ಬಿದ್ದ ಬೆಂಕಿ ಯಾರ ಮಾತು ಕೇಳುತ್ತದೆ? ಅವನು ಹುಚ್ಚನ ಹಾಗೆ ಬಡಿದ, ಮುಂಗೈ ಸುಟ್ಟುಕೊಂಡ. ಎಲ್ಲ ಆರಿದ ಮೇಲೆ ಅತ್ತೆಯ ಕಾಲ ಹತ್ತಿರ ಕುಕ್ಕರಿಸಿ, "ಬೇಕಂತ ಮಾಡಿಲ್ಲಬೇ ಚಿಗವ್ವಾ," ಅಂತ ಅತ್ತ.

ಅತ್ತೆ ಬೈಯಲಿಲ್ಲ. ಬದುವಿನ ಲೋಳೆಸರ ಮುರಿದು ತಂದು ಅವನ ಕೈಗೆ ಹಚ್ಚಿದರು. ಆಮೇಲೆ ಬಿಸಿ ಬೂದಿಯ ಅಂಚಿನಲ್ಲಿ ನಿಂತು ಸುಟ್ಟ ಮೊಳಕೆಗಳನ್ನು ನೋಡುತ್ತಿದ್ದರು, ಯಾರು ಕರೆದರೂ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯಿತು. ಹೊಗೆಗೆ ಅಂತ ಹೇಳಿಕೊಂಡೆ, ಹೊಗೆಗಲ್ಲ.

ಬೇಸಿಗೆಯ ಹೊತ್ತಿಗೆ ಮ್ಯಾಡಮ್ ಮತ್ತೆ ಬಂದರು, ಈ ಸಲ ನಗುನಗುತ್ತ. ಉಪಗ್ರಹದ ಚಿತ್ರದಲ್ಲಿ ಹಳ್ಳದಿಂದ ಕೆನಾಲಿನವರೆಗೆ ಪಟ್ಟಿ ಪೂರ್ತಿ ಕಪ್ಪಗೆ ಬಂದಿದೆ, ನಡುವಿನ ಹೊಲವೂ ಸೇರಿ. ಗುಂಪು ಕೂಡಿತು, ಯಂತ್ರ ಬರುತ್ತದೆ, ಅಜ್ಜಿಗೆ ವಿಶೇಷ ಅಭಿನಂದನೆ. ಅದು ಪಕ್ಕದ ಹೊಲದ ಬೆಂಕಿ ಹಾರಿ ಬಿದ್ದದ್ದು, ನಾವು ಹಚ್ಚಿದ್ದಲ್ಲ ಅಂತ ನಾನು ಹೇಳಿದೆ. ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಚಿತ್ರದಲ್ಲಿ ಹೊಲ ಸುಟ್ಟದ್ದು ಕಾಣುತ್ತದೆ, ಯಾರು ಹಚ್ಚಿದರು ಅನ್ನುವುದು ಕಾಣುವುದಿಲ್ಲ, ಅದನ್ನು ಕೇಳುವ ನಿಯಮವೂ ಇಲ್ಲ ಅಂದರು. ಪಾಪ, ಅವರ ಕಣ್ಣಲ್ಲೂ ಗಲಿಬಿಲಿ ಇತ್ತು.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತುವ ಮುಂಚೆ ಪ್ರತಿಯೊಬ್ಬರೂ ಎಲ್ಲರ ಎದುರು ಒಂದು ಮಾತು ಕೊಡಬೇಕಿತ್ತು, ಇನ್ನು ಮುಂದೆ ಸುಡುವುದಿಲ್ಲ ಅಂತ. ಒಬ್ಬೊಬ್ಬರಾಗಿ ಎದ್ದು ಕೊಟ್ಟರು. ಸರದಿ ಅತ್ತೆಗೆ ಬಂತು. ಮ್ಯಾಡಮ್ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಇನ್ನ ಮುಂದ ಸುಡೂದಿಲ್ಲಂತ ಮಾತ ಕೊಡಬೇಕಂತ್ರಿ," ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ನಂತರ ಸುತ್ತ ಕೂತವರನ್ನು ನೋಡಿದರು. ಅವರಲ್ಲಿ ಕೈಗೆ ಬಿಳಿ ಕಲೆಯಾದ ಪಕ್ಕದ ಹೊಲದವನೂ ಇದ್ದ, ತಲೆ ಎತ್ತಲಿಲ್ಲ.

"ಸುಡೂದಿಲ್ಲಂತ ಹೇಳು," ಅಂದರು ಅತ್ತೆ. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ ಅದು. ಆ ದನಿ ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಅದನ್ನು ಹಿಂದಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ಭಾಷೆ ಗೊತ್ತಿದ್ದವಳು ಕಂಬದ ಹಾಗೆ ನಿಂತೆ. ಮ್ಯಾಡಮ್ ಕಾಯುತ್ತಿದ್ದರು. ಕೊನೆಗೆ ನಮ್ಮ ಮನೆಯವರೇ ತಮ್ಮ ಹರಕು ಹಿಂದಿಯಲ್ಲಿ, ಅಮ್ಮ ಸುಡುವುದನ್ನು ಬಿಟ್ಟುಬಿಡುತ್ತಾಳಂತೆ ಅಂದರು. ಮ್ಯಾಡಮ್ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಊರಿನವರೂ ತಟ್ಟಿದರು.

"ಯಾಕ ಚಪ್ಪಾಳಿ ಹೊಡ್ಯಾಕತ್ತಾರ?" ಅಂತ ಅತ್ತೆ ಕೇಳಿದರು.

"ನೀವು ಸುಡೂದು ಬಿಟ್ರಲ್ಲಾ, ಅದಕ್ಕರಿ."

"ಹೌದೇನು," ಅಂದರು. ಒತ್ತಿದ ಹೆಬ್ಬೆರಳಿನ ಮಸಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕೂತರು, ಚಪ್ಪಾಳೆ ನಿಂತ ಮೇಲೂ ಒರೆಸುತ್ತಲೇ ಇದ್ದರು.