ಮೋಟಾರಿಗೆ ನಿಧಾನ ಕಲಿಸುವ ನಿಧಾನಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಳಗೆ ಬೋರಲು ಹಾಕಿದ ಬಕೆಟ್ ಮೇಲೆ ಕುಳಿತು ಒಬ್ಬರು ಗೋಡೆಯ ಮೇಲಿನ ಲೋಹದ ಪೆಟ್ಟಿಗೆಯನ್ನು ನೋಡುತ್ತಿದ್ದಾರೆ. ನೋಡುತ್ತಿದ್ದಾರೆ, ಅಷ್ಟೇ. ಸ್ವಿಚ್ ಆರಿಸಿ ಆಗಿದೆ, ಕೈಯಲ್ಲಿ ಸ್ಕ್ರೂಡ್ರೈವರ್ ಇದೆ, ಆದರೂ ಮುಚ್ಚಳಕ್ಕೆ ಕೈ ಹಾಕುತ್ತಿಲ್ಲ. ನನ್ನಂಥ ಅವಸರದ ಪ್ರಾಣಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಏಕೆ ಕಾಯುತ್ತಿದ್ದೀರಿ ಎಂದು ತಡೆಯಲಾರದೆ ಕೇಳುತ್ತೇನೆ.

"ಒಳಗೆ ಇನ್ನೂ ಕರೆಂಟ್ ಉಳ್ಕೊಂಡಿರುತ್ತೆ. ಹೋಗ್ಲಿ ಅಂತ" ಎನ್ನುತ್ತಾರೆ, ಬಸ್ಸಿಗೆ ಕಾಯುವವರ ದನಿಯಲ್ಲಿ.

ಇವರನ್ನು ಈ ಓಣಿಯಲ್ಲಿ ಎಲ್ಲರೂ ಕರೆಯುವುದು ನಿಧಾನಪ್ಪ ಎಂದು. ಊಟ ನಿಧಾನ, ಮಾತು ನಿಧಾನ, ನಗು ಬರುವುದಂತೂ ಎಲ್ಲರೂ ನಕ್ಕು ಮುಗಿಸಿದ ಮೇಲೆ. ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಪೆಟ್ಟಿಗೆಗೆ ಕಸುಬಿನವರು 'ಡ್ರೈವ್' ಎನ್ನುತ್ತಾರೆ. ಅದನ್ನು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಇವರ ಅನ್ನದ ದಾರಿ.

ಮೊದಲು ಮಾವನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರು. ಸರಿಮಾಡಿ ಕಳಿಸಿದ ಮೋಟಾರೇ ಮತ್ತೆ ಸುಟ್ಟುಕೊಂಡು ಬಂದರೆ ಮಾವನಿಗೆ ಖುಷಿ, ಅಳಿಯನಿಗೆ ಸಂಕಟ. ಸುಡದಂತೆ ಮಾಡುವುದು ಹೇಗೆಂದು ಹುಡುಕುತ್ತಾ ಡ್ರೈವ್ ಕೆಲಸ ಕಲಿಯಲು ಹೋದರು. ಹೋದ ಹೊಸತರಲ್ಲೇ, ಆರಿಸಿದ ಕೂಡಲೇ ಒಂದು ಪೆಟ್ಟಿಗೆ ಬಿಚ್ಚಿ, ಶಾಕ್ ಹೊಡೆದು ಎದುರು ಗೋಡೆಗೆ ಹೋಗಿ ಬಿದ್ದರು. ಹುಬ್ಬಿನ ಮೇಲಿನ ಗಾಯದ ಕಲೆ ಆಗಿನದು. "ಸ್ವಿಚ್ ಆರಿಸಿದ್ದೀನಿ ಅಂತ ನಂಗೆ ಗೊತ್ತಿತ್ತು. ಅದಕ್ಕೆ ಗೊತ್ತಿರ್ಲಿಲ್ಲ" ಎನ್ನುತ್ತಾರೆ. ನಿಧಾನವೆಲ್ಲ ಅಂದಿನಿಂದ ಬಂದದ್ದು ಎಂದು ಅವರ ವಾದ. ಅಲ್ಲ, ಮದುವೆಗೆ ಹೂಂ ಅನ್ನಲೂ ಒಂದು ಇಡೀ ಮಳೆಗಾಲ ತೆಗೆದುಕೊಂಡಿದ್ದರು ಎಂದು ಹೆಂಡತಿಯ ಪ್ರತಿವಾದ. ಅಪ್ಪನ ಕಸುಬನ್ನು ಆಕೆ ಬಿಟ್ಟಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಗಂಡನ ಕೆಲಸಕ್ಕೆ ಬೇಕಾದ ತಂತಿಯ ಕಾಯಿಲುಗಳನ್ನು ಸುತ್ತುತ್ತಾರೆ.

ಇವತ್ತಿನ ಬೆಳಗಿನ ಮೇಲೆ ಲಾಂಡ್ರಿ ನಡೆಸುವ ಅಕ್ಕನ ಬದುಕೇ ನಿಂತಿದೆ. ಇಲ್ಲಿನ ದೊಡ್ಡ ಡ್ರಮ್ಮು ಒದ್ದೆ ಬೆಡ್‌ಶೀಟುಗಳನ್ನು ತುಂಬಿಕೊಂಡು 'ಧಡ್' ಎಂದು ಹೊರಟರೆ ಮೋಟಾರು ಒಂದೇ ಗುಕ್ಕಿಗೆ ಕರೆಂಟನ್ನು ಎಳೆದುಕೊಳ್ಳುತ್ತಿತ್ತು, ಓಣಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಮಹಡಿಯ ಮೇಲಿನ ಮನೆಯ ತಾತ ಅಕ್ಕಪಕ್ಕದವರನ್ನೆಲ್ಲ ಸೇರಿಸಿ, ಈ ವಾರದೊಳಗೆ ಸರಿಮಾಡಿ, ಇಲ್ಲವಾದರೆ ಲಾಂಡ್ರಿ ಎತ್ತಿ ಎಂದು ಹೇಳಿಬಿಟ್ಟಿದ್ದಾರೆ. ಎತ್ತಿದರೆ ಆಸ್ಪತ್ರೆಯ ಕೆಲಸ ತಪ್ಪುತ್ತದೆ. ಅಕ್ಕ ಮತ್ತು ಜೊತೆಗೆ ದುಡಿಯುವ ಮೂವರು ಹೆಂಗಸರು ಬರಿಗೈಯಲ್ಲಿ ಮನೆಗೆ ಹೋಗಬೇಕು.

ಮೊನ್ನೆ ನಿಧಾನಪ್ಪ ಬಂದು ಡ್ರೈವ್ ಕೂರಿಸಿದರು. ಡ್ರಮ್ಮು ಮೆಲ್ಲಗೆ ಹೊರಟಿತು, ದೀಪಗಳು ಅಲುಗಲಿಲ್ಲ, ಎಲ್ಲರೂ ಬೆನ್ನು ತಟ್ಟಿದರು. ಮಾರನೆಯ ಬೆಳಿಗ್ಗೆ ತಾತನ ರೇಡಿಯೊ ವಾರ್ತೆ ಓದುವುದು ಬಿಟ್ಟು ಕರಕರ ಅನ್ನತೊಡಗಿತು. ಡ್ರೈವ್ ಕರೆಂಟನ್ನು ಸಣ್ಣಗೆ ಕತ್ತರಿಸಿ ಕತ್ತರಿಸಿ ಮೋಟಾರಿಗೆ ಕೊಡುತ್ತದೆ. ಆ ಗಲಾಟೆ ಹೊತ್ತ ತಂತಿಯನ್ನು ಮನೆಗಳ ಲೈನಿನಿಂದ ಬರುವ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದರು, ಗಲಾಟೆ ರೇಡಿಯೊವರೆಗೂ ಹೋಯಿತು. ತಪ್ಪು ಯಾರದು ಎಂದು ನಾನು ಕೇಳುವ ಮೊದಲೇ ಒಪ್ಪಿಕೊಳ್ಳುತ್ತಾರೆ: "ಅಕ್ಕ ಬೇಗ ಬೇಗ ಅಂದ್ರು. ನಾನೂ ಬೇಗ ಮಾಡ್ಬಿಟ್ಟೆ. ಜೀವನದಲ್ಲಿ ಮೊದಲ್ನೇ ಸಲ."

ಈಗ ಮೋಟಾರಿನ ತಂತಿಗೆ ಬೇರೆಯೇ ದಾರಿ, ಮೈತುಂಬ ಲೋಹದ ಕವಚ, ಅದಕ್ಕೆ ಅರ್ಥಿಂಗ್. ಕರೆಂಟು ಒಳಬರುವ ಕಡೆ ಹೆಂಡತಿ ಸುತ್ತಿದ ದಪ್ಪ ಕಾಯಿಲು ಕುಳಿತಿದೆ. ಡ್ರೈವಿನ ಕಸ ಓಣಿಯ ಲೈನಿಗೆ ಮರಳದಂತೆ ಅದು ತಡೆಯುತ್ತದೆ. ಭಯದಲ್ಲೂ ಅಕ್ಕನಿಗೆ ತಮಾಷೆ ಬಿಟ್ಟಿಲ್ಲ: "ಕೊಳೆ ಬಟ್ಟೆ ನಾವು ಒಗೀತೀವಿ. ಕೊಳೆ ಕರೆಂಟು ಗಂಡ ಹೆಂಡ್ತಿ ಸೇರ್ಕೊಂಡು ಒಗೀತಾರೆ."

ಕೊನೆಗೂ ನಿಧಾನಪ್ಪ ಏಳುತ್ತಾರೆ. ಮೀಟರ್ ಹಿಡಿದು ಕರೆಂಟು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗಿನ ಸ್ಕ್ರೂಗಳನ್ನು ಬಿಗಿ ಮಾಡಿ, ಮುಚ್ಚಳ ಹಾಕಿ ಸ್ವಿಚ್ ಒತ್ತುತ್ತಾರೆ. ಡ್ರಮ್ಮು ನಿದ್ದೆಯಿಂದ ಮಗ್ಗಲು ಬದಲಿಸುವವರ ಹಾಗೆ ಹೊರಳಿ, ಮೆಲ್ಲಗೆ ವೇಗ ಹಿಡಿಯುತ್ತದೆ. ತಲೆಯ ಮೇಲಿನ ಬಲ್ಬು ಕದಲುವುದಿಲ್ಲ. ರೇಡಿಯೊ ಕರಕರ ಅನ್ನುತ್ತದೋ ಎಂದು ನಾವೆಲ್ಲ ಮೇಲ್ಛಾವಣಿ ನೋಡುತ್ತೇವೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅಕ್ಕನ ಮುಖ ಬಿಳಿಚಿಕೊಳ್ಳುತ್ತದೆ.

ತಾತ ಬಾಗಿಲಲ್ಲಿ ನಿಲ್ಲುತ್ತಾರೆ. ಕಂಕುಳಲ್ಲಿರುವ ರೇಡಿಯೊ ಸ್ಪಷ್ಟವಾಗಿ ವಾರ್ತೆ ಓದುತ್ತಿದೆ. "ಯಾಕಮ್ಮಾ, ಇವತ್ತು ಲಾಂಡ್ರಿಗೆ ರಜಾನಾ?"

ನಾಲ್ವರೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಕ್ಕ ತಾತನನ್ನು ಡ್ರಮ್ಮಿನ ಗಾಜಿನ ಮುಂದೆ ಕರೆದು ನಿಲ್ಲಿಸುತ್ತಾರೆ. ತಿರುಗುತ್ತಿರುವ ಬಿಳಿ ಬಟ್ಟೆಯನ್ನು ತಾತ ಬಹಳ ಹೊತ್ತು ನೋಡಿ, ನನ್ನದೂ ಎರಡು ಹೊದಿಕೆ ಇವೆ, ತಂದುಕೊಡಲೇ ಎಂದು ಸಂಕೋಚದಿಂದ ಕೇಳುತ್ತಾರೆ. ಲಾಂಡ್ರಿ ಎತ್ತುವ ಮಾತು ಅಲ್ಲಿಗೆ ಮುಗಿಯುತ್ತದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ನಿಧಾನಪ್ಪನ ಫೋನು ಹೊಡೆದುಕೊಳ್ಳುತ್ತದೆ. ಹೆಂಡತಿ. ರಾತ್ರಿಯೆಲ್ಲ ನಿದ್ದೆ ಮಾಡಿರಲಾರರು, ಏನಾಯಿತು ಎಂದು ಕೇಳುವ ಆತಂಕದ ದನಿ ನಮಗೂ ಕೇಳಿಸುತ್ತದೆ. ನಿಧಾನಪ್ಪ ಬಲ್ಬನ್ನು ನೋಡುತ್ತಾರೆ, ಡ್ರಮ್ಮನ್ನು ನೋಡುತ್ತಾರೆ, ಅವರ ಮುಖದಲ್ಲಿ ನಗು ಮೆಲ್ಲಗೆ ಹರಡಿಕೊಳ್ಳುತ್ತದೆ.

"ಏನೂ ಆಗ್ಲಿಲ್ಲ ಕಣೇ" ಎನ್ನುತ್ತಾರೆ.