ಜೂಲಿಯ ಬಟ್ಟಲಲ್ಲಿ ನೀರಿಲ್ಲ

ನಿಮ್ಮ ದಿನ ಹೇಗೆ ಶುರುವಾಗುತ್ತದೆ? ನನ್ನದು ನಾಯಿಯ ಮೂತ್ರ ಒರೆಸುವುದರಿಂದ.

ನಮ್ಮ ಜೂಲಿ ಪಾಪದ ನಾಯಿ. ಮರಿ ಹಾಕದಂತೆ ಆಪರೇಷನ್ ಮಾಡಿಸಿ ವರ್ಷಗಳೇ ಆದವು. ಈಗ ಮಲಗಿದಲ್ಲೇ ಒದ್ದೆ. ಎದ್ದ ಮೇಲೆ ಅವಳಿಗೇ ನಾಚಿಕೆ, ಸೋಫಾದ ಹಿಂದೆ ಹೋಗಿ ಕೂರುತ್ತಾಳೆ. ಮನೆಯ ಹಳೆಯ ನೈಟಿ, ಲುಂಗಿಗಳೆಲ್ಲ ಅವಳ ಹಾಸಿಗೆಯಾಗಿ ಮುಗಿದವು. ಒಗೆದು ಒಗೆದು ನನಗೆ ಸಾಕಾಗಿದೆ. (ಫಿನಾಯಿಲ್ ವಾಸನೆ ಈಗ ಊಟದ ತಟ್ಟೆಯವರೆಗೂ ಬರುತ್ತದೆ.)

ಗಂಡನ ತೀರ್ಪು ಸಿದ್ಧವಿತ್ತು: ಹೊರಗೆ ಕಟ್ಟಿಬಿಡುವ. ಮರಿಯಾಗಿದ್ದಾಗಿನಿಂದ ಒಳಗೇ ಮಲಗಿದವಳನ್ನು ಈ ವಯಸ್ಸಿನಲ್ಲಿ ಹೊರಗೆ ಕಟ್ಟುವುದೇ? ನನಗೆ ಮನಸ್ಸು ಬರಲಿಲ್ಲ. ವೇಣೂರಿನಿಂದ ರಿಕ್ಷಾ ಮಾಡಿಕೊಂಡು ಮೂಡುಬಿದಿರೆಯ ನಾಯಿ ಡಾಕ್ಟರಲ್ಲಿಗೆ ಹೋದೆ.

ಆಪರೇಷನ್ ಆದ ಕೆಲವು ಹೆಣ್ಣುನಾಯಿಗಳಲ್ಲಿ ಹಾರ್ಮೋನ್ ಕಡಿಮೆಯಾಗಿ, ಮೂತ್ರ ಹಿಡಿದಿಡುವ ಸ್ನಾಯು ಸಡಿಲವಾಗುತ್ತದಂತೆ. ಬೈದು ಪ್ರಯೋಜನವಿಲ್ಲ, ಮಾತ್ರೆ ಉಂಟು ಎಂದರು. ಆಮೇಲೆ ಜೂಲಿಯ ಒಣಗಿದ ಒಸಡು ಮುಟ್ಟಿ ನೋಡಿ, ನೀರು ಕೊಡುತ್ತಿಲ್ಲವೇ ಎಂದು ಕೇಳಿದರು. ನನಗೆ ಸಿಟ್ಟು ಬಂತು. ದಿನಾ ಬಟ್ಟಲು ತುಂಬಿಸುವವಳು ನಾನೇ.

ಮರುದಿನ ಬೆಳಿಗ್ಗೆ ನೋಡಿದರೆ, ನಮ್ಮ ಅತ್ತೆ ಆ ಬಟ್ಟಲಿನ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲುತ್ತಿದ್ದಾರೆ. ನೀರಿಲ್ಲದಿದ್ದರೆ ಅವಳ ಕಿಡ್ನಿ ಹಾಳಾಗುತ್ತದೆ ಎಂದು ಸ್ವರ ಏರಿಸಿದೆ.

"ಕುಡಿಯದಿದ್ದರೆ ಒದ್ದೆ ಆಗುವುದಿಲ್ಲ ಮಾರಾಯ್ತಿ" ಎಂದರು ಅತ್ತೆ. "ಪಾಪ, ಹೊರಗೆ ಕಟ್ಟುವುದು ಬೇಡ ಅಂತ ಮಾಡಿದ್ದು. ನಾನೂ ಹಾಗೆಯೇ ಅಲ್ವಾ ಮಾಡುವುದು?"

ಮದುವೆಗೋ ಬೆಳ್ತಂಗಡಿಯ ಮಗಳ ಮನೆಗೋ ಹೋಗುವ ದಿನ ಅತ್ತೆ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಕೇಳಿದರೆ, ಬಸ್ಸಿನಲ್ಲಿ ವಾಂತಿ ಬರುತ್ತದೆ ಎನ್ನುತ್ತಿದ್ದರು. ನಾವೆಲ್ಲ ನಂಬಿದ್ದೆವು. ನಿಜ ಸಂಗತಿ ಬೇರೆ: ಕೆಮ್ಮಿದರೆ, ಜೋರಾಗಿ ನಕ್ಕರೆ ಸೀರೆ ಒದ್ದೆಯಾಗುತ್ತದಂತೆ. ಮಗನಿಗೆ ಹೇಳುವ ವಿಷಯವೇ ಅದು? ಈಚೆಗೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟದ್ದು ಯಾಕೆಂದು ಈಗ ಗೊತ್ತಾಯಿತು.

ಡಾಕ್ಟರಲ್ಲಿಗೆ ಹೋಗುವ ಎಂದೆ. "ಈ ಪ್ರಾಯದಲ್ಲಿ ಇದಕ್ಕೆಲ್ಲ ಎಂಥ ಡಾಕ್ಟರ್" ಎಂದು ಒಳಗೆ ನಡೆದರು.

ಜೂಲಿಗೆ ಮಾತ್ರೆ ಹಿಡಿದಿದೆ. ಬಟ್ಟಲಲ್ಲಿ ನೀರೂ ಉಂಟು, ಹಾಸಿಗೆಯೂ ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ಹೊರಗೆ ಕಟ್ಟುವ ಮಾತು ಈಗ ಯಾರೂ ಎತ್ತುವುದಿಲ್ಲ. ಅತ್ತೆ ಮಾತ್ರ ಡಾಕ್ಟರಲ್ಲಿಗೆ ಬರಲು ಇನ್ನೂ ಒಪ್ಪಿಲ್ಲ.

ನಿಮ್ಮ ಮನೆಯಲ್ಲಿ, ಹೊರಡುವ ದಿನ ನೀರು ಕುಡಿಯದ ಹೆಂಗಸು ಯಾರು?